‘ಸಾಮಾನ್ಯ’ ಧ್ವನಿ ಯಾವ ಭಾಷೆಯದು? ಕೊಡಗು ಮತ್ತು ಧ್ವನಿಪರೀಕ್ಷೆಯ ಆಧಾರಮೌಲ್ಯಗಳು

ಧ್ವನಿಪೆಟ್ಟಿಗೆಯ ಕಾರ್ಯಕ್ಷಮತೆಯನ್ನು ಅಳೆಯುವ ಪರೀಕ್ಷೆಗಳಿಗೆ ಆಧಾರಮೌಲ್ಯಗಳನ್ನು ನಿಗದಿಪಡಿಸುವ ಕೆಲಸವನ್ನು ಭಾಷಾವಿಜ್ಞಾನಿಗಳು ಬಹುಮಟ್ಟಿಗೆ ವಾಕ್‌ಚಿಕಿತ್ಸಕರಿಗೆ ಬಿಟ್ಟುಕೊಟ್ಟಿದ್ದಾರೆ. ವಯಸ್ಸು, ಲಿಂಗಗಳನ್ನು ಗಮನಿಸಿದರೆ ಸಾಕು, ಗಂಟಲು ಎಲ್ಲರದೂ ಒಂದೇ ಎಂಬ ನಂಬಿಕೆ ಇದರ ಹಿಂದಿದೆ. ಕೊಡಗಿನಲ್ಲಿ ಈ ನಂಬಿಕೆ ನಿಲ್ಲುವುದು ಕಷ್ಟ. ಕೊಡವ ತಕ್ಕ್, ಅರೆಭಾಷೆ, ಎರವ, ಜೇನುಕುರುಬ, ಮಲಯಾಳಂ ಮನೆಮಾತುಗಳ ನಡುವೆ ಕನ್ನಡವು ಶಾಲೆ, ಕಚೇರಿಗಳ ಭಾಷೆಯಾಗಿರುವ ಈ ಜಿಲ್ಲೆಯ ರೋಗಿಯನ್ನು ಮಡಿಕೇರಿಯಲ್ಲೋ ಮೈಸೂರಿನಲ್ಲೋ ಪರೀಕ್ಷಿಸುವಾಗ ಯಾವ ಭಾಷಿಕರ ಮೌಲ್ಯಗಳಿಗೆ ಹೋಲಿಸಬೇಕು?

ಒಂದೇ ಉಸಿರಿನಲ್ಲಿ ‘ಆ’ ಎಂದು ಎಳೆಯುವ ಅವಧಿಗೆ ಭಾಷೆಯ ಹಂಗು ಕಡಿಮೆ ಎಂಬುದನ್ನು ನಾವು ಒಪ್ಪುತ್ತೇವೆ. ಎತ್ತರದ ಸ್ವರಗಳ ಮೂಲ ಆವೃತ್ತಿ ತಗ್ಗಿನ ಸ್ವರಗಳದ್ದಕ್ಕಿಂತ ಹೆಚ್ಚಿರುತ್ತದೆ ಎಂಬ ಪ್ರವೃತ್ತಿಯೂ ಬಹುತೇಕ ಸಾರ್ವತ್ರಿಕವೇ. 31 ಭಾಷೆಗಳ ಮಾಹಿತಿಯನ್ನು ಒಟ್ಟುಗೂಡಿಸಿ ವೇಲನ್ ಮತ್ತು ಲೆವಿಟ್ 1995ರಲ್ಲಿ ಇದನ್ನು ತೋರಿಸಿದ್ದಾರೆ.

ಆದರೆ ‘ಸ್–ಜ಼್ ಅನುಪಾತ’ದ ವಿಷಯ ಬೇರೆ. ಅಘೋಷ ‘ಸ್’ ಅನ್ನು ಎಳೆದ ಅವಧಿಯನ್ನು ಘೋಷ ‘ಜ಼್’ ಅನ್ನು ಎಳೆದ ಅವಧಿಯಿಂದ ಭಾಗಿಸಲಾಗುತ್ತದೆ. ಸ್ವರತಂತುಗಳಲ್ಲಿ ಗಂಟು ಮೊದಲಾದ ತೊಂದರೆಯಿದ್ದರೆ ಘೋಷಧ್ವನಿ ಬೇಗ ಕಡಿಯುತ್ತದೆ, ಅನುಪಾತ ಏರುತ್ತದೆ. ಎಕೆಲ್ ಮತ್ತು ಬೂನ್ 1981ರಲ್ಲಿ ಮುಂದಿಟ್ಟ 1.4 ಎಂಬ ಗಡಿ ಇಂದಿಗೂ ಪಠ್ಯಪುಸ್ತಕಗಳಲ್ಲಿದೆ. ಅದು ಇಂಗ್ಲಿಷಿನ ಧ್ವನಿಮಾವ್ಯವಸ್ಥೆಯ ಮೇಲೆ ನಿಂತ ಗಡಿ. ಕನ್ನಡಕ್ಕಾಗಲಿ ಕೊಡವ ತಕ್ಕಿಗಾಗಲಿ ಮಲಯಾಳಂಗಾಗಲಿ ‘ಜ಼’ ಸ್ವಂತ ಧ್ವನಿಮಾ ಅಲ್ಲ. ಇವುಗಳ ‘ಜ’ ತಡೆಯಿಂದ ಆರಂಭವಾಗುವುದರಿಂದ ಅದನ್ನು ಎಳೆಯಲಾಗದು. ಪರಿಚಯವಿಲ್ಲದ ಧ್ವನಿಯನ್ನು ಎಳೆಯಲು ಹೇಳಿದಾಗ ಮಾತುಗಾರ ನಡುವೆಯೇ ‘ಸ್’ಗೆ ಜಾರಿದರೆ ಅನುಪಾತ 1ರ ಆಸುಪಾಸಿಗೆ ಬಂದು ನಿಜವಾದ ರೋಗ ಮರೆಯಾಗುತ್ತದೆ. ತಡವರಿಸಿ ಬೇಗ ನಿಲ್ಲಿಸಿದರೆ ಆರೋಗ್ಯವಂತನೂ ರೋಗಿಯಾಗುತ್ತಾನೆ. ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವರು ಈ ಧ್ವನಿಯನ್ನು ಸಲೀಸಾಗಿ ಎಳೆದಾರು, ತೋಟದ ಕೂಲಿಯಾಳು ಎಳೆಯಲಾರ. ಪರೀಕ್ಷೆಯು ಗಂಟಲಿನ ಜೊತೆಗೆ ಶಾಲೆಯನ್ನೂ ಅಳೆಯುತ್ತಿದೆ. ವಿದ್ಯಾರ್ಥಿಗಳನ್ನೇ ಮಾದರಿಯಾಗಿಟ್ಟುಕೊಂಡ ಅಧ್ಯಯನದಲ್ಲಿ ಈ ದೋಷ ಕಾಣಿಸಿಕೊಳ್ಳುವುದೇ ಇಲ್ಲ.

ವಾಚನಭಾಗವನ್ನು ಓದಿಸಿ ಅನುನಾಸಿಕತೆಯನ್ನು ಅಳೆಯುವಾಗ ತೊಡಕು ಇನ್ನೊಂದು ಬಗೆಯದು. ಅಳತೆಯ ಫಲಿತಾಂಶ ಪಠ್ಯದಲ್ಲಿನ ಅನುನಾಸಿಕ ವ್ಯಂಜನಗಳ ಪ್ರಮಾಣವನ್ನೂ ಸ್ವರಗಳ ಎತ್ತರವನ್ನೂ ಅವಲಂಬಿಸುತ್ತದೆ. ಕೊಡವ ತಕ್ಕಿನಲ್ಲಿ ಕನ್ನಡದ ಐದು ಸ್ವರಗುಣಗಳಲ್ಲದೆ ತುಟಿ ದುಂಡಾಗದ ಎರಡು ಕೇಂದ್ರಸ್ವರಗಳು ಹ್ರಸ್ವ–ದೀರ್ಘ ಭೇದಸಹಿತ ಇವೆ. ಇವುಗಳ ಚರಿತ್ರೆಯನ್ನು ಎಮೆನೋ 1970ರ ‘ಕೊಡಗು ಸ್ವರಗಳು’ ಲೇಖನದಲ್ಲಿ ವಿವರಿಸಿದ್ದಾರೆ. ರೂಢಿಯ ಕನ್ನಡ ವರ್ಣಮಾಲೆಯಲ್ಲಿ ಇವಕ್ಕೆ ಪ್ರತ್ಯೇಕ ಅಕ್ಷರಗಳಿಲ್ಲ. ಹೀಗಾಗಿ ಕೊಡವ ಭಾಷಿಕರ ಕೈಗೆ ಕನ್ನಡ ವಾಚನಭಾಗವನ್ನಿತ್ತು ಪಡೆದ ಅಂಕಿಗೆ ‘ಕೊಡಗಿನ ಮೌಲ್ಯ’ ಎಂದು ಹೆಸರಿಟ್ಟರೆ, ಅಳೆದದ್ದು ಅವರ ಎರಡನೆಯ ಭಾಷೆಯನ್ನು ಮಾತ್ರ. ಸೀಳಂಗುಳಿನ ಶಸ್ತ್ರಚಿಕಿತ್ಸೆಯಾದ ಮಗುವಿಗೆ ಮತ್ತೊಂದು ಶಸ್ತ್ರಚಿಕಿತ್ಸೆ ಬೇಕೇ ಎಂಬ ತೀರ್ಮಾನದಲ್ಲಿ ಇಂಥ ಅಂಕಿಗೂ ಪಾತ್ರವಿರುತ್ತದೆ.

ಮಾದರಿಯ ವಿವರಣೆಯಲ್ಲಿ ‘ಕರ್ನಾಟಕದ ನಿವಾಸಿಗಳು’ ಎಂದು ಬರೆದು ಮುಗಿಸುವ ರೂಢಿಯನ್ನು ವಿಮರ್ಶಕರು ಒಪ್ಪಬಾರದೆಂದು ನಮ್ಮ ಅಭಿಪ್ರಾಯ. ಮನೆಮಾತು, ಓದಿದ ಮಾಧ್ಯಮ, ಪರೀಕ್ಷೆ ನಡೆದ ಭಾಷೆ ಮೂರೂ ದಾಖಲಾಗಬೇಕು. ‘ಜ಼್’ ಬದಲಿಗೆ ಎಲ್ಲರೂ ಎಳೆಯಬಲ್ಲ ಘೋಷಧ್ವನಿಯೊಂದನ್ನು ಆರಿಸಿ ಅದಕ್ಕೆ ಹೊಸ ಗಡಿಯನ್ನು ಕಂಡುಕೊಳ್ಳಬೇಕು, 1.4 ಅಲ್ಲಿಗೆ ಸಲ್ಲದು. ಕೊಡವ ವಾಚನಭಾಗವನ್ನು ಹೊಸದಾಗಿ ರಚಿಸಬೇಕು, ಓದು ಬಾರದವರು ಕೇಳಿ ಮರುನುಡಿಯುವ ವಾಕ್ಯಗಳೂ ಅದರೊಂದಿಗಿರಬೇಕು. ಭಾಷಿಕರು ಕಡಿಮೆ ಎಂಬ ನೆಪ ನಡೆಯದು. 2011ರ ಜನಗಣತಿಯಲ್ಲಿ ಕೊಡವ ಭಾಷಿಕರ ಸಂಖ್ಯೆ ಒಂದು ಲಕ್ಷ ದಾಟಿದೆ. ಆಧಾರಮೌಲ್ಯಕ್ಕೆ ಬೇಕಾದದ್ದು ಪ್ರತಿ ವಯೋಗುಂಪಿನಲ್ಲಿ ಕೆಲವು ಹತ್ತು ಜನ.