ಸಂಘದ ಸಂಚಿಕೆ: ಅಂದ ಬಂತು, ವಿವರ ಬರಲಿಲ್ಲ

ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆ ಹವ್ಯಾಸಿ ಯಕ್ಷಗಾನ ಸಂಘಕ್ಕೋ ನಾಟಕ ತಂಡಕ್ಕೋ ಒಂದಿಷ್ಟು ವರ್ಷ ತುಂಬಿದರೆ ಸ್ಮರಣ ಸಂಚಿಕೆ ತರುವುದು ವಾಡಿಕೆ. ‘ಖಾಸಗಿ ಪ್ರಸಾರಕ್ಕೆ ಮಾತ್ರ’ ಎಂದು ನಮೂದಿಸಿ ಆಗಾಗ ಸಣ್ಣ ಪತ್ರಿಕೆ ಹಂಚುವವರೂ ಇದ್ದಾರೆ. ಹಿಂದೆ ಇದಕ್ಕೆ ಪ್ರೆಸ್ಸಿಗೆ ಅಲೆಯಬೇಕಿತ್ತು. ಈಗ ಒಬ್ಬರ ಮನೆಯ ಕಂಪ್ಯೂಟರು, ಇನ್ನೊಬ್ಬರ ಲೇಸರ್ ಪ್ರಿಂಟರು, ಒಂದು ಸ್ಟೇಪ್ಲರ್ ಇದ್ದರೆ ಸಾಕು. ಇಂಥ ಸಂಚಿಕೆಗಳನ್ನು ಅಕ್ಕರೆಯಿಂದ ಓದುತ್ತ ಬಂದವನಾಗಿ ಹೇಳುತ್ತೇನೆ: ಇವುಗಳ ಅಂದ ಎಷ್ಟೋ ಸುಧಾರಿಸಿದೆ, ಒಳಗಿನ ಬರಹ ಮಾತ್ರ ಇದ್ದಲ್ಲೇ ಇದೆ.

ಮೊದಲು ಮೆಚ್ಚಬೇಕಾದದ್ದು ಕೈಕೆಲಸವನ್ನು. ನಾಲ್ಕು ಎ4 ಹಾಳೆಗಳನ್ನು ನಡುವೆ ಮಡಚಿದರೆ 16 ಪುಟದ ಪುಸ್ತಿಕೆಯಾಗುತ್ತದೆ. ಆದರೆ ಹೊರಹಾಳೆಯ ಒಂದು ಮಗ್ಗುಲಲ್ಲಿ 16 ಮತ್ತು 1ನೇ ಪುಟ, ಅದರ ಬೆನ್ನಿಗೆ 2 ಮತ್ತು 15 ಬರಬೇಕು. ಇಡೀ ಸಂಚಿಕೆ ನಾಲ್ಕರ ಲೆಕ್ಕಕ್ಕೆ ಹೊಂದಬೇಕು. ದಿನದ ದುಡಿಮೆ ಮುಗಿಸಿ ರಾತ್ರಿ ಕೂತು, ಬಿಡಿಗಾಸು ಪಡೆಯದೆ ಇದನ್ನೆಲ್ಲ ಕಲಿತವರ ಶ್ರಮ ದೊಡ್ಡದು. ಇದಕ್ಕೆ ನಮ್ಮ ಕರಾವಳಿಯ ಹವೆಯ ತೊಡಕೂ ಸೇರುತ್ತದೆ. ಮೇಳಗಳ ತಿರುಗಾಟ ಮೇ ತಿಂಗಳಲ್ಲಿ ಮುಗಿದ ಮೇಲೆ, ಮಳೆಗಾಲದಲ್ಲೇ ಆಟದವರಿಗೆ ಬರೆಯಲು ಪುರಸೊತ್ತು. ಆಗಲೇ ಕಾಗದ ತೇವ ಹೀರಿ ಸುರುಟಿಕೊಂಡು ಪ್ರಿಂಟರಿನಲ್ಲಿ ಸಿಕ್ಕಿಬೀಳುತ್ತದೆ. ಮಳೆಯಲ್ಲಿ ಬರೆದು ತಿದ್ದಿ, ದೀಪಾವಳಿ ಕಳೆದ ಮೇಲೆ ಅಚ್ಚು ತೆಗೆಯುವುದೇ ಇಲ್ಲಿಗೆ ಹೊಂದುವ ಕ್ರಮ.

ಅಕ್ಷರದ ವಿಷಯದಲ್ಲಿ ಮಾತ್ರ ಎಚ್ಚರ ಸಾಲದು. ಸದಸ್ಯರು ಮೊಬೈಲಿನಲ್ಲಿ ಬರೆದು ಕಳಿಸುವುದು ಯೂನಿಕೋಡ್‌ನಲ್ಲಿ. ಪುಟ ಕಟ್ಟುವವರು ಹಳೆಯ ಪೇಜ್‌ಮೇಕರನ್ನು, ನುಡಿ ಫಾಂಟನ್ನು ನೆಚ್ಚಿಕೊಂಡಿದ್ದರೆ ಬರಹವನ್ನು ಪರಿವರ್ತಿಸಬೇಕಾಗುತ್ತದೆ. ಆಗ ಅರ್ಕಾವತ್ತು, ಒತ್ತಕ್ಷರಗಳು ಜಾಗ ತಪ್ಪುವುದುಂಟು. ಕರಡನ್ನು ಪರಿವರ್ತನೆಗೆ ಮೊದಲೇ ತಿದ್ದಿ, ಆಮೇಲೆ ಮತ್ತೆ ನೋಡದೆ ಬಿಟ್ಟರೆ ಕಲಾವಿದರ ಹೆಸರೇ ಕೆಟ್ಟು ಅಚ್ಚಾಗುತ್ತದೆ. ಕಡೆಯ ಕರಡನ್ನು ಕಾಗದದ ಮೇಲೆ ತೆಗೆದು, ಪುಟ ಕಟ್ಟದ ಇನ್ನೊಬ್ಬರಿಂದ ಓದಿಸುವುದಕ್ಕೆ ಯಾವ ಯಂತ್ರವೂ ಬೇಕಿಲ್ಲ.

ನನ್ನ ಮುಖ್ಯ ಆಕ್ಷೇಪ ಒಳಪುಟಗಳದ್ದು. ಗಣ್ಯರ ಸಂದೇಶ, ಅಧ್ಯಕ್ಷರ ಮಾತು, ಸನ್ಮಾನದ ಫೋಟೋ, ಶುಭಾಶಯದ ಜಾಹೀರಾತು. ಬಣ್ಣದ ಸಂಚಿಕೆಯನ್ನು ಪ್ರೆಸ್ಸಿನಲ್ಲಿ ಮಾಡಿಸುವವರಿಗೆ ಜಾಹೀರಾತು ಬೇಕು, ಅದರ ಹಿಂದೆ ಇವೆಲ್ಲ ಬರುತ್ತವೆ. ಮನೆಯಲ್ಲಿ ಕಪ್ಪುಬಿಳುಪಿನ 16 ಪುಟ ತೆಗೆಯುವವರಿಗೆ ಯಾರ ಹಂಗೂ ಇಲ್ಲ. ಅವರೂ ದೊಡ್ಡ ಸಂಚಿಕೆಯ ಅಚ್ಚಿನಲ್ಲೇ ತಮ್ಮದನ್ನು ಎರಕ ಹೊಯ್ದರೆ ಮನೆಯ ಪ್ರಿಂಟರು ಕೊಟ್ಟ ಸ್ವಾತಂತ್ರ್ಯ ವ್ಯರ್ಥ.

‘ಕೃಷ್ಣಾರ್ಜುನ ಕಾಳಗ ಪ್ರದರ್ಶನಗೊಂಡು ಜನಮನ ಸೂರೆಗೊಂಡಿತು’ ಎಂಬ ವರದಿಯಿಂದ ಮುಂದಿನವರಿಗೆ ಏನು ತಿಳಿಯುತ್ತದೆ? ಭಾಗವತರು ಯಾರು, ಮದ್ದಳೆ ಚಂಡೆಗೆ ಯಾರಿದ್ದರು, ಕಾಲಮಿತಿಗಾಗಿ ಯಾವ ಪದ್ಯ ಬಿಟ್ಟರು, ಒಡ್ಡೋಲಗ ಪೂರ್ತಿ ಇತ್ತೇ, ಮುಂಡಾಸು ಕಟ್ಟುವುದನ್ನು ಹುಡುಗರಿಗೆ ಕಲಿಸಿದ್ದು ಯಾರು? ಇದನ್ನು ಬರೆಯಬಲ್ಲವರು ಸಂಘದವರೇ. ಬಡಗುತಿಟ್ಟಿನ ಹಾರಾಡಿ, ಮಟಪಾಡಿ ಶೈಲಿಗಳು ಬ್ರಹ್ಮಾವರದ ಆಸುಪಾಸಿನ ಊರುಗಳ ಹೆಸರನ್ನೇ ಹೊತ್ತಿವೆ. ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು ‘ಯಕ್ಷಗಾನ ಬಯಲಾಟ’ ಬರೆದು ಈ ಕಲೆಯನ್ನು ಅಧ್ಯಯನದ ಶಿಸ್ತಿಗೆ ತಂದರು. 1975ರಲ್ಲಿ ಸಾಲಿಗ್ರಾಮ ಮಕ್ಕಳ ಮೇಳ ಹುಟ್ಟಿದ್ದೂ ಈ ಮಣ್ಣಿನಲ್ಲೇ. ಇಷ್ಟು ಸಂಪತ್ತಿರುವ ಕಡೆ ಒಂದು ಆಟದ ಪೂರ್ಣ ವಿವರವೂ ಸಂಚಿಕೆಗಳಲ್ಲಿ ಸಿಗದಿದ್ದರೆ ಅದು ನಷ್ಟವೇ.

ಸಲಕರಣೆ ಬಡವಾಗಿದ್ದರೂ ಬರಹ ಬಡವಾಗಬೇಕಿಲ್ಲ. ಪಕ್ಷಿವೀಕ್ಷಕ ಜಫರ್ ಫತೇಹಳ್ಳಿ ಮುಂಬಯಿಯಲ್ಲಿ 1960ರ ಹೊತ್ತಿಗೆ ಆರಂಭಿಸಿದ, ಮುಂದೆ ಬೆಂಗಳೂರಿಗೆ ಬಂದ ‘ನ್ಯೂಸ್‌ಲೆಟರ್ ಫಾರ್ ಬರ್ಡ್‌ವಾಚರ್ಸ್’ ಶುರುವಾದದ್ದು ಸೈಕ್ಲೋಸ್ಟೈಲ್ ಹಾಳೆಗಳಲ್ಲಿ. ಬರೆಯುತ್ತಿದ್ದವರಲ್ಲಿ ಹೆಚ್ಚಿನವರು ಹವ್ಯಾಸಿಗಳು. ಯಾವ ಹಕ್ಕಿ, ಎಲ್ಲಿ, ಯಾವ ದಿನ, ಏನು ಮಾಡುತ್ತಿತ್ತು ಎಂಬ ಸಣ್ಣ ಟಿಪ್ಪಣಿಗಳೇ ಅದರ ಜೀವಾಳ, ಮುಂದೆ ಪಕ್ಷಿತಜ್ಞರಿಗೂ ಬೇಕಾದದ್ದು ಅವೇ. ನಮ್ಮ ಪಕ್ಕದ ಪುತ್ತೂರಿನಲ್ಲಿ 1988ರಲ್ಲಿ ಹುಟ್ಟಿದ ‘ಅಡಿಕೆ ಪತ್ರಿಕೆ’ ಬೆಳೆಗಾರರಿಂದಲೇ ಬರೆಸಿತು. ಅದರ ಸಂಪಾದಕ ಬಳಗದ ಶ್ರೀ ಪಡ್ರೆಯವರಂಥವರು ಕೃಷಿಕರಿಗೆ ಬರವಣಿಗೆಯ ಶಿಬಿರಗಳನ್ನೇ ನಡೆಸಿದರು. ಎರಡರಲ್ಲೂ ಸಂಪಾದಕರು ಬಂದದ್ದನ್ನು ಹಾಗೇ ತುಂಬಲಿಲ್ಲ. ಕೇಳಿ ಬರೆಸಿದರು, ಕಲಿಸಿ ಬರೆಸಿದರು. ನಮ್ಮ ಸಂಘಗಳಲ್ಲಿ ಪುಟ ಕಟ್ಟುವವರು ಸಿಗುತ್ತಾರೆ, ಕೇಳಿ ಬರೆಸುವವರಿಗೇ ಬರ.

ಭಾಷೆಯ ಮಾತೂ ಇದಕ್ಕೆ ಸೇರಿದ್ದು. ಆಸಾಡಿ ಅಮಾವಾಸ್ಯೆಯಂದು ವಿಶ್ವ ಕುಂದಾಪ್ರ ಕನ್ನಡ ದಿನ ಆಚರಿಸುವ ನಾವು, ಹಿರಿಯ ಕಲಾವಿದರು ಕುಂದಾಪ್ರ ಕನ್ನಡದಲ್ಲಿ ಹೇಳಿದ ನೆನಪುಗಳನ್ನು ಪುಸ್ತಕದ ಕನ್ನಡಕ್ಕೆ ತಿದ್ದಿ ಹಾಕುತ್ತೇವೆ. ಮಾತಿನ ಲಯದ ಜೊತೆ ಆಟದ ಚೌಕಿಯಲ್ಲಿ ಬಳಸುವ ಎಷ್ಟೋ ಪದಗಳೂ ಹೋಗುತ್ತವೆ. ದಿನಪತ್ರಿಕೆಗೆ ಎಲ್ಲ ಜಿಲ್ಲೆಯ ಓದುಗರ ಯೋಚನೆ ಇರುತ್ತದೆ. ಊರಿನವರೇ ಓದುವ ಸಂಚಿಕೆ ಅವರು ಆಡಿದ್ದನ್ನು ಆಡಿದ ಹಾಗೆ ಅಚ್ಚು ಹಾಕಬೇಕು.

ಆದ್ದರಿಂದ ಸಂಘಗಳಿಗೆ ನನ್ನ ವಿನಂತಿ ಇಷ್ಟೇ. ಸಂದೇಶಗಳಿಗೆ ಒಂದು ಪುಟ ಮೀಸಲಿಡಿ, ಉಳಿದದ್ದನ್ನು ಕಲೆಗೆ ಕೊಡಿ. ಪ್ರತಿ ಆಟದ ದಿನಾಂಕ, ಸ್ಥಳ, ಹಿಮ್ಮೇಳ ಮುಮ್ಮೇಳದ ಹೆಸರು, ಪ್ರಸಂಗದಲ್ಲಿ ಮಾಡಿದ ಬದಲಾವಣೆಗಳನ್ನು ದಾಖಲಿಸಿ. ಪ್ರತಿ ಸಂಚಿಕೆಯಲ್ಲಿ ಒಬ್ಬ ಹಿರಿಯರ ಅನುಭವ ಇರಲಿ. ಎರಡು ಪ್ರತಿಗಳನ್ನು ಊರಿನ ಗ್ರಂಥಾಲಯಕ್ಕೂ ಉಡುಪಿಯ ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರಕ್ಕೂ ತಲುಪಿಸಿ. ಹೊಳಪಿನ ಮುಖಪುಟವನ್ನು ಹಣ ಕೊಟ್ಟು ಯಾರು ಬೇಕಾದರೂ ಮಾಡಿಸಬಹುದು. ನಿಮ್ಮ ರಂಗಸ್ಥಳದಲ್ಲಿ ನಡೆದದ್ದನ್ನು ನೀವು ಬರೆಯದಿದ್ದರೆ ಬೇರೆ ಯಾರೂ ಬರೆಯುವುದಿಲ್ಲ.