ನಾಯಕನನ್ನು ಬೆಂಚಿನಲ್ಲಿ ಕೂರಿಸಿದ ನಿರ್ಧಾರ

ಗೆಲುವು ತಂದುಕೊಟ್ಟ ಆಟಗಾರನನ್ನು ಹೊರಗೆ ಕೂರಿಸುವುದಕ್ಕಿಂತ ಕಠಿಣವಾದ ಕೆಲಸ ಕೋಚ್‌ಗೆ ಇನ್ನೊಂದಿಲ್ಲ. 2022–23ರ ಇಂಡಿಯನ್ ಸೂಪರ್ ಲೀಗ್‌ನಲ್ಲಿ ಬೆಂಗಳೂರು ಎಫ್‌ಸಿಯ ಕೋಚ್ ಸೈಮನ್ ಗ್ರೇಸನ್ ಅದನ್ನು ಮಾಡಿದರು. ಹೊರಗೆ ಕೂತವರು ಸುನಿಲ್ ಚೆಟ್ರಿ. 2013ರಲ್ಲಿ ಕ್ಲಬ್ ಹುಟ್ಟಿದಾಗಲೇ ಬಂದವರು, ಆಗಿನ ಭಾರತ ತಂಡದ ನಾಯಕ, ಕಂಠೀರವ ಕ್ರೀಡಾಂಗಣದ ಅಭಿಮಾನಿಗಳ ಕಣ್ಮಣಿ. ಆಗ ಅವರಿಗೆ 38 ವರ್ಷ. ರಾಯ್ ಕೃಷ್ಣ ಜೊತೆ ಮುಂಚೂಣಿಯಲ್ಲಿ ಆಡಲು ಬಂದವರು ತಮಿಳುನಾಡಿನ 21ರ ಶಿವಶಕ್ತಿ ನಾರಾಯಣನ್. ಆ ನಿರ್ಧಾರ ಸರಿಯಾಗಿತ್ತು ಎಂಬುದು ನನ್ನ ಅಭಿಪ್ರಾಯ. ಆದರೆ ಅದು ಅರ್ಧಕ್ಕೇ ನಿಂತ ಕೆಲಸವೂ ಹೌದು.

ಮೊದಲು ಲೆಕ್ಕ ನೋಡೋಣ. ಲೀಗ್ ಹಂತದ ಮೊದಲ 12 ಪಂದ್ಯಗಳಲ್ಲಿ ಬೆಂಗಳೂರು ಗೆದ್ದದ್ದು ಮೂರು, ಡ್ರಾ ಒಂದು, ಸೋಲು ಎಂಟು. ಅದೇ ತಂಡ ಕೊನೆಯ ಎಂಟೂ ಪಂದ್ಯಗಳನ್ನು ಗೆದ್ದು, 34 ಅಂಕಗಳೊಂದಿಗೆ ನಾಲ್ಕನೇ ಸ್ಥಾನಕ್ಕೇರಿತು. ಈ ತಿರುವಿಗೆ ಒಬ್ಬ ಆಟಗಾರನ ಬದಲಾವಣೆಯೊಂದೇ ಕಾರಣ ಎನ್ನಲಾಗದು. ಆದರೂ ಆಟದ ನಡೆ ಬದಲಾದದ್ದು ಕಣ್ಣಿಗೆ ಕಾಣುತ್ತಿತ್ತು. ಎದುರಾಳಿಯ ರಕ್ಷಣಾ ಆಟಗಾರರನ್ನು ಬಿಡುವಿಲ್ಲದೆ ಬೆನ್ನಟ್ಟಲು ಶಿವಶಕ್ತಿಯ ಕಾಲಲ್ಲಿ ಕಸುವಿತ್ತು. ಚೆಟ್ರಿಯ ಬಲ ಬೇರೆ: ಗೋಲಿನ ಮುಂದೆ ಸರಿಯಾದ ಕ್ಷಣಕ್ಕೆ ಸರಿಯಾದ ಜಾಗದಲ್ಲಿರುವುದು. 90 ನಿಮಿಷ ಓಡುವ ಕೆಲಸವನ್ನು ಒಬ್ಬರಿಗೆ, ದಣಿದ ಎದುರಾಳಿಯನ್ನು ಮುಗಿಸುವ ಕೆಲಸವನ್ನು ಇನ್ನೊಬ್ಬರಿಗೆ ಹಂಚಿದ್ದೇ ಗ್ರೇಸನ್ ಅವರ ಜಾಣ್ಮೆ. ಚೆಟ್ರಿಯನ್ನು ಅವರು ಮೂಲೆಗೆ ತಳ್ಳಲಿಲ್ಲ, ಕೆಲಸವನ್ನು ಬದಲಿಸಿದರು.

ಫಲ ನಾಕೌಟ್ ಹಂತದಲ್ಲಿ ಕಂಡಿತು. 2023ರ ಮಾರ್ಚ್ 3ರಂದು ಕಂಠೀರವದಲ್ಲಿ ಕೇರಳ ಬ್ಲಾಸ್ಟರ್ಸ್ ವಿರುದ್ಧದ ಪಂದ್ಯ ಗೋಲಿಲ್ಲದೆ ಹೆಚ್ಚುವರಿ ಅವಧಿಗೆ ಹೋಯಿತು. ಬದಲಿ ಆಟಗಾರನಾಗಿ ಬಂದಿದ್ದ ಚೆಟ್ರಿ, ಎದುರಾಳಿ ಗೋಡೆ ಕಟ್ಟಿಕೊಳ್ಳುವ ಮೊದಲೇ ಫ್ರೀ ಕಿಕ್ ಹೊಡೆದು ಗೋಲು ಗಳಿಸಿದರು. ಅದನ್ನು ಒಪ್ಪದ ಕೇರಳ ತಂಡ ಮೈದಾನ ಬಿಟ್ಟು ನಡೆಯಿತು. ಆ ಗೋಲಿನ ಬಗ್ಗೆ ವಾದ ಏನೇ ಇರಲಿ, ಎಲ್ಲರೂ ಮೈಮರೆತಿದ್ದಾಗ ಎಚ್ಚರವಾಗಿದ್ದವರು ಬೆಂಚಿನಿಂದ ಎದ್ದು ಬಂದವರೇ. ನಾಲ್ಕು ದಿನಗಳ ಬಳಿಕ ಮುಂಬೈ ಸಿಟಿ ವಿರುದ್ಧದ ಸೆಮಿಫೈನಲ್‌ನ ಮೊದಲ ಲೆಗ್‌ನಲ್ಲೂ ಹೀಗೇ ಆಯಿತು. ತಡವಾಗಿ ಬಂದ ಚೆಟ್ರಿ ತಲೆಯಿಂದ ಹೊಡೆದ ಚೆಂಡೇ ಪಂದ್ಯದ ಏಕೈಕ ಗೋಲು.

ಇಂಥ ನಿರ್ಧಾರಗಳ ಚರ್ಚೆ ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ ಪ್ರತಿ ವರ್ಷದ ಮಾತು. ಅಲ್ಲಿ ಪ್ರತಿ ದಾಳಿಯನ್ನೂ ಶುರುಮಾಡಿ, ಚೆಂಡು ಯಾರ ಕೈಗೆ ಹೋಗಬೇಕೆಂದು ತೀರ್ಮಾನಿಸುವವನು ಕ್ವಾರ್ಟರ್‌ಬ್ಯಾಕ್. 2018ರ ಜನವರಿಯ ರಾಷ್ಟ್ರೀಯ ಚಾಂಪಿಯನ್‌ಷಿಪ್ ಫೈನಲ್‌ನಲ್ಲಿ ಅಲಬಾಮ ತಂಡ ಮಧ್ಯಂತರಕ್ಕೆ ಜಾರ್ಜಿಯಾ ಎದುರು 0–13ರಿಂದ ಹಿಂದಿತ್ತು. ಎರಡು ಋತುಗಳಲ್ಲಿ ಎರಡೇ ಪಂದ್ಯ ಸೋತಿದ್ದ ಜೇಲನ್ ಹರ್ಟ್ಸ್‌ನನ್ನು ಕೋಚ್ ನಿಕ್ ಸೇಬನ್ ಕೂರಿಸಿ, ಮೊದಲ ವರ್ಷದ ಟುವಾ ಟಾಂಗೊವೈಲೋವನನ್ನು ಇಳಿಸಿದರು. ಅಲಬಾಮ 26–23ರಿಂದ ಗೆದ್ದಿತು. ಜಗತ್ತು ಕೊಂಡಾಡುವುದು ಆ ರಾತ್ರಿಯನ್ನು. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಅದೇ ವರ್ಷದ ಡಿಸೆಂಬರ್ 1. ಅಂದು ಅದೇ ಜಾರ್ಜಿಯಾ ಎದುರು, ಅದೇ ಕ್ರೀಡಾಂಗಣದಲ್ಲಿ ಟುವಾ ಗಾಯಗೊಂಡಾಗ, ವರ್ಷವಿಡೀ ಬೆಂಚಿನಲ್ಲಿದ್ದ ಹರ್ಟ್ಸ್ ಎದ್ದು ಬಂದು ತಂಡವನ್ನು 35–28ರಿಂದ ಗೆಲ್ಲಿಸಿದ. ಬದಲಾವಣೆಯನ್ನು ತೂಗಬೇಕಾದದ್ದು ಇಲ್ಲಿ. ಒಳಗೆ ಬಂದವನು ಗೆದ್ದನೇ ಎಂಬುದರ ಜೊತೆಗೆ, ಹೊರಗೆ ಕೂತವನು ಸಿದ್ಧನಾಗಿಯೇ ಉಳಿದನೇ ಎಂದೂ ಕೇಳಬೇಕು.

ಗ್ರೇಸನ್ ಈ ಪರೀಕ್ಷೆಯಲ್ಲಿ ಪಾಸಾದದ್ದು ಸೋತ ಪಂದ್ಯದಲ್ಲಿ. 2023ರ ಮಾರ್ಚ್ 18ರಂದು ಗೋವಾದ ಫತೋರ್ಡಾದಲ್ಲಿ ಎಟಿಕೆ ಮೋಹನ್ ಬಾಗಾನ್ ವಿರುದ್ಧ ಫೈನಲ್ ಶುರುವಾಗಿ ಕೆಲವೇ ನಿಮಿಷಗಳಲ್ಲಿ ಶಿವಶಕ್ತಿ ಗಾಯಗೊಂಡರು. ಕೊನೆಯ ಹೊತ್ತಿಗೆಂದು ಕಾದಿರಿಸಿದ್ದ ಚೆಟ್ರಿ ಬಹುತೇಕ ಇಡೀ ಪಂದ್ಯ ಆಡಬೇಕಾಯಿತು. ಅವರು ಪೆನಾಲ್ಟಿಯಿಂದ ಸಮಬಲ ತಂದರು. 2–2ರಲ್ಲಿ ಮುಗಿದ ಪಂದ್ಯವನ್ನು ಬೆಂಗಳೂರು ಶೂಟೌಟ್‌ನಲ್ಲಿ 3–4ರಿಂದ ಕಳೆದುಕೊಂಡಿತು. ಕಪ್ ಬರಲಿಲ್ಲ ಎಂಬ ಕಾರಣಕ್ಕೆ ನಿರ್ಧಾರವೇ ತಪ್ಪು ಎನ್ನುವವರಿದ್ದಾರೆ. ಇದನ್ನು ನಾನು ಒಪ್ಪುವುದಿಲ್ಲ. ಶೂಟೌಟ್‌ನ ಒಂದು ಒದೆತದಿಂದ ಮೂರು ತಿಂಗಳ ತಿಳಿವಳಿಕೆಯನ್ನು ಅಳೆಯಬಾರದು.

ದೋಷ ಬೇರೆ ಕಡೆ ಇದೆ. ಇಂಥ ಬದಲಾವಣೆಗೆ ಎರಡು ಉದ್ದೇಶಗಳಿರುತ್ತವೆ: ಇಂದಿನ ಪಂದ್ಯ ಗೆಲ್ಲುವುದು, ನಾಳೆಯ ತಂಡ ಕಟ್ಟುವುದು. ಶಿವಶಕ್ತಿ ಆ ಋತುವಿನ ಉದಯೋನ್ಮುಖ ಆಟಗಾರ ಪ್ರಶಸ್ತಿ ಪಡೆದರು. ಆದರೆ ಆ ಅಡಿಪಾಯದ ಮೇಲೆ ಕ್ಲಬ್ ಗೋಡೆ ಎಬ್ಬಿಸಲಿಲ್ಲ. ರಾಯ್ ಕೃಷ್ಣ ಒಡಿಶಾಕ್ಕೆ ಹೋದರು. 2023ರ ಡಿಸೆಂಬರ್‌ನಲ್ಲಿ ಗ್ರೇಸನ್ ಹುದ್ದೆಯಿಂದ ಇಳಿದರು. 2023–24ರ ಆ ಋತುವಿನಲ್ಲಿ ತಂಡ 12ರಲ್ಲಿ 10ನೇ ಸ್ಥಾನಕ್ಕೆ ಕುಸಿಯಿತು. 2024–25ರಲ್ಲಿ ಗೆರಾರ್ಡ್ ಜರಗೋಜ ಕೈಕೆಳಗೆ ತಂಡ ಮತ್ತೆ ಫೈನಲ್ ತಲುಪಿದಾಗ 14 ಗೋಲು ಹೊಡೆದು ಲೀಗ್‌ನ ಭಾರತೀಯರಲ್ಲಿ ಮೊದಲಿಗರಾದವರು ಮತ್ತೆ ಚೆಟ್ರಿಯೇ, ತಮ್ಮ 40ನೇ ವಯಸ್ಸಿನಲ್ಲಿ. ಅವರ ದುಡಿಮೆಗೆ ಇದು ಹೆಗ್ಗಳಿಕೆ. ಉತ್ತರಾಧಿಕಾರಿಯನ್ನು ಬೆಳೆಸಬೇಕಿದ್ದ ಕ್ಲಬ್‌ಗೆ ಮಾತ್ರ ಹೆಗ್ಗಳಿಕೆಯಲ್ಲ.

ಈ ಪಾಠ ದೊಡ್ಡ ಕ್ಲಬ್‌ಗಳಿಗಷ್ಟೇ ಸೀಮಿತವಲ್ಲ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ಕಾಲೇಜು ತಂಡಗಳಲ್ಲೂ ಕಬಡ್ಡಿಯ ಮುಖ್ಯ ರೈಡರ್ ಯಾರು, ವಾಲಿಬಾಲ್‌ನಲ್ಲಿ ಚೆಂಡು ಎತ್ತಿಕೊಡುವವರು ಯಾರು ಎಂದು ದೈಹಿಕ ಶಿಕ್ಷಣ ಅಧ್ಯಾಪಕರು ತೀರ್ಮಾನಿಸಲೇಬೇಕು. ಅಲ್ಲಿ ಹೊರಗೆ ಕೂರುವುದು ಹದಿನೆಂಟು, ಹತ್ತೊಂಬತ್ತರ ಮಕ್ಕಳು. ಕಾರಣ ತಿಳಿಯದೆ ಹೆಸರು ಪಟ್ಟಿಯಿಂದ ಬಿಟ್ಟುಹೋದರೆ, ಎಷ್ಟೋ ಮಕ್ಕಳು ಮೈದಾನಕ್ಕೆ ಬರುವುದನ್ನೇ ನಿಲ್ಲಿಸುತ್ತಾರೆ. ಹೆಣ್ಣುಮಕ್ಕಳ ವಿಷಯದಲ್ಲಂತೂ, ಬಿಟ್ಟ ಆಟಕ್ಕೆ ಮರಳಲು ಮನೆಯವರು ಇನ್ನೊಂದು ಅವಕಾಶ ಕೊಡುವುದು ಅಪರೂಪ.

ಆದ್ದರಿಂದ ಕೋಚ್‌ಗಳಲ್ಲಿ ನನ್ನ ಮನವಿ ಇಷ್ಟು. ಬದಲಾಯಿಸಬೇಕಾದಾಗ ಹಿಂಜರಿಯಬೇಡಿ, ಹಳೆಯ ಹೆಸರಿಗೆ ಅಂಜಬೇಡಿ. ಆದರೆ ಪಟ್ಟಿ ಓದುವ ಮೊದಲು ಆ ಆಟಗಾರನನ್ನು ಕರೆದು ಕೂರಿಸಿಕೊಂಡು ಕಾರಣ ಹೇಳಿ, ತಂಡದಲ್ಲಿ ಅವನಿಗಿರುವ ಹೊಸ ಕೆಲಸ ಯಾವುದೆಂದು ತಿಳಿಸಿ. ಬೆಂಚಿನಲ್ಲಿ ಕೂತವನೂ ತಂಡದವನೇ ಎಂದು ಅವನಿಗೆ ಅನ್ನಿಸಿದರೆ ಮಾತ್ರ ನಿಮ್ಮ ನಿರ್ಧಾರ ಸರಿ.