ಮಗ್ಗುಲಾಗುವ ಕಾರು

ಕಾರಿನ ಅಡಿಭಾಗ ಜೋಡಿಸುವವರ ಪಾಡು ಅವರ ಕುತ್ತಿಗೆಗೇ ಗೊತ್ತು. ದಿನವಿಡೀ ತಲೆಯೆತ್ತಿ, ಕೈ ಮೇಲೆ ಚಾಚಿ ಬೋಲ್ಟು ಬಿಗಿಯಬೇಕು. ಸ್ವೀಡನ್ನಿನ ಕಾಲ್ಮಾರ್‌ನಲ್ಲಿ 1974ರಲ್ಲಿ ಶುರುವಾದ ವೋಲ್ವೋ ಕಾರ್ಖಾನೆ ಇದಕ್ಕೆ ಹುಡುಕಿದ ಉಪಾಯ ನನಗೆ ಬಲು ಮೆಚ್ಚುಗೆ. ಸರಪಳಿಯಂತೆ ಎಳೆಯುವ ಕನ್ವೇಯರ್ ಅಲ್ಲಿರಲಿಲ್ಲ. ಬ್ಯಾಟರಿಯಿಂದ ಓಡುವ ತಗ್ಗು ಗಾಡಿಗಳ ಮೇಲೆ ಕಾರಿನ ಬಾಡಿ ಕೂತು ಬರುತ್ತಿತ್ತು. ಬೇಕೆಂದಾಗ ಅದನ್ನು 90 ಡಿಗ್ರಿ ಮಗ್ಗುಲಾಗಿಸಿದರೆ ಅಡಿಭಾಗ ಗೋಡೆಯಂತೆ ಎದುರಿಗೇ ಬಂದು ನಿಲ್ಲುತ್ತಿತ್ತು. ಕೆಲಸಗಾರ ನೆಟ್ಟಗೆ ನಿಂತೇ ಬ್ರೇಕಿನ ಪೈಪು ಕೂರಿಸಬಹುದಿತ್ತು, ಕಣ್ಣಿನ ಮಟ್ಟದಲ್ಲೇ ನಟ್ಟು ಬಿಗಿಯಬಹುದಿತ್ತು. ಎಷ್ಟು ಸರಳ!

ತಂಡತಂಡಗಳ ನಡುವೆ ಒಂದಷ್ಟು ಗಾಡಿ ನಿಲ್ಲಲು ಜಾಗವಿತ್ತು. ಒಬ್ಬರು ತುಸು ತಡಮಾಡಿದರೆ ಮಿಕ್ಕವರು ಕೈಕಟ್ಟಿ ಕೂರಬೇಕಾಗಿರಲಿಲ್ಲ. ಚಹಾ ಕುಡಿಯಲು ಬಿಡುವು ಬೇಕೆಂದರೆ ತಂಡವೇ ಸ್ವಲ್ಪ ಬೇಗ ಕೆಲಸ ಮುಗಿಸಿ ಹೊಂದಿಸಿಕೊಳ್ಳುತ್ತಿತ್ತು. (ಯಂತ್ರದ ಅಪ್ಪಣೆ ಕಾಯದೆ ಚಹಾ ಕುಡಿಯುವ ಸುಖವೇ ಬೇರೆ.)

ಮುಂದೆ ವೋಲ್ವೋದ್ದೇ ಆದ ಉಡ್ಡೆವಾಲ್ಲಾ ಕಾರ್ಖಾನೆ ಇನ್ನೂ ಧೈರ್ಯ ಮಾಡಿತು: ಒಂದು ಚಿಕ್ಕ ತಂಡವೇ ಇಡೀ ಕಾರನ್ನು ಜೋಡಿಸುತ್ತಿತ್ತು. ಆಯಾ ಕಾರಿಗೆ ಬೇಕಾದ ಬಿಡಿಭಾಗಗಳನ್ನು ಮೊದಲೇ ಆರಿಸಿ, ಒಂದು ಕಿಟ್ ಮಾಡಿ ತಂಡದ ಬಳಿಗೆ ಕಳಿಸುತ್ತಿದ್ದರು.

ಕಾರುಗಳ ಬೇಡಿಕೆ ಕುಸಿದಾಗ 1993ರಲ್ಲಿ ಉಡ್ಡೆವಾಲ್ಲಾ, 1994ರಲ್ಲಿ ಕಾಲ್ಮಾರ್ ಬಾಗಿಲು ಹಾಕಿದವು. ಹಾಗಾಗಿ ಪದ್ಧತಿಯೇ ಸೋತಿತು ಎನ್ನುವವರಿದ್ದಾರೆ. ನಾನಂತೂ ಒಪ್ಪುವುದಿಲ್ಲ. ಕಾರನ್ನು ಮಗ್ಗುಲಾಗಿಸಿ ಕೆಲಸ ಮಾಡುವ ರೀತಿ ಇಂದಿಗೂ ಬೇರೆ ಬೇರೆ ಕಂಪನಿಗಳ ಕಾರ್ಖಾನೆಗಳಲ್ಲಿ ನಡೆಯುತ್ತಿದೆ.